ಫೇಜ್ ಹೋಗಿರಲಿಲ್ಲ

ಮುನವಳ್ಳಿ
೧೨ ಜೂನ್ ೧೯೯೮

ಚಿ. ಸೌ. ರಾಜೇಶ್ವರಿಗೆ,

ಆಶೀರ್ವಾದ ಅಂತ ಬರೀಲಿಕ್ಕೆ ಕೈ ಏಳವಲ್ಲದು. ನೆಟ್ಟಗ ವಿಷಯಕ್ಕ ಬರತೇನಿ.

ನೀವು ನಮ್ಮ ಮನ್ಯಾಗ ಬಾಡಿಗಿ ಇದ್ದಾಗ ದಿನಾ ಸಂಜೀಕೆ ಕರೆಂಟ್ ಹೋಗತಿತ್ತಲ್ಲಾ, ಅದರಾಗ ಅರ್ಧ ನನ್ನ ಕೆಲಸ. ಎರಡೂ ಮನಿಗೆ ಒಂದ ಮೀಟರ್, ಬಿಲ್ ತುಂಬಾಕಿ ನಾನು. ಒಂದು ತಿಂಗಳು ಬಿಲ್ ಮೂರುಪಟ್ಟು ಬಂತು. ಅವತ್ತಿನಿಂದ ಏಳು ಹೊಡದ ಕೂಡಲೆ ಫ್ಯೂಜ್ ಕಿತ್ತಿಡತಿದ್ದೆ. ಓಣಿ ತುಂಬ ದೀಪ ಇದ್ರೂ ‘ನಮ್ಮದೊಂದ ಫೇಜ್ ಹೋಗ್ಯದ’ ಅಂತಿದ್ದೆ. ನಾನೂ ಕತ್ತಲದಾಗ ಕೂಡತಿದ್ದೆ, ಅದಕ್ಕ ನಿಮಗ ಸಂಶಯ ಬರಲಿಲ್ಲ. ನಿನ್ನ ಮಗಳು ಸಪ್ನಾಗ ಓದಲಿಕ್ಕೆ ಕಂದೀಲು ಕೊಟ್ಟಾಕೀನೂ ನಾನ.

ಮೊನ್ನೆ ಆಕಿ ಮೆಟ್ರಿಕ್ ಪಾಸಾದೆ ಅಂತ ಸವದತ್ತಿಯಿಂದ ಪೇಢೆ ತಗೊಂಡು ಬಂದಿದ್ದಳು. ‘ನಿಮ್ಮ ಕಂದೀಲಿನ ಪುಣ್ಯಾರಿ, ಅಜ್ಜಿ’ ಅಂತ ಕಾಲು ಮುಟ್ಟಲಿಕ್ಕೆ ಬಾಗಿದಳು. ನಾನು ಹಿಂದ ಸರದುಬಿಟ್ಟೆ. ಕೂಸಿನ ಮಾರಿ ಸಣ್ಣದಾತು. ಬ್ಯಾರೆ ಜಾತಿ ಅಂತ, ಮಡಿ ಅಂತ ಮುಟ್ಟಿಸಿಕೊಳ್ಳಲಿಲ್ಲ ಅಂದುಕೊಂಡಿರಬೇಕು.

ಫ್ಯೂಜಿನ ಮಾತು ಆಕಿಗೆ ಹೇಳೂದು ಬಿಡೂದು ನಿನ್ನ ಇಷ್ಟ. ಆದ್ರ ಇಷ್ಟರೆ ಹೇಳು. ಅವತ್ತು ನಾನು ಮಡೀಲೆ ಇರಲಿಲ್ಲ.

ರಾಧಾಬಾಯಿ