ಚೇಣಿಯವರ ಮನೆಯ ಅಂದಾಜು

ರವೀಂದ್ರನಗರ, ಶಿವಮೊಗ್ಗ
12 ನವೆಂಬರ್ 2025

ಪ್ರೀತಿಯ ಕವನಾ,

ಇವತ್ತು ಬೆಳಿಗ್ಗೆ ನಮ್ಮ ಆಫೀಸಿನ ಎದುರು ಟಾರ್ಪಾಲು ಬಿಗಿದ ಲಾರಿಯೊಂದು ನಿಂತಿತ್ತು. ಹಿಂದಿನ ಟೈರುಗಳು ನೆಲಕ್ಕೆ ಒತ್ತಿಕೊಂಡು ಚಪ್ಪಟೆಯಾಗಿದ್ದವು. ಒಳಗೆ ಸಿಮೆಂಟೋ ಕಬ್ಬಿಣವೋ ತುಂಬಿರಬೇಕು ಅಂದುಕೊಂಡೆ. ಡ್ರೈವರ್ ಹಗ್ಗ ಬಿಚ್ಚಿದಾಗ ನೋಡಿದರೆ ಖಾಲಿ. ಟೈರಿನಲ್ಲಿ ಗಾಳಿ ಕಡಿಮೆ ಇತ್ತು, ಅಷ್ಟೇ.

ನಿನ್ನ ಮೆಸೇಜಿಗೆ ಇಷ್ಟು ದಿನ ಉತ್ತರಿಸಲಿಲ್ಲ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ ಎಂಬುದು ನಿನಗೆ ಗೊತ್ತಿದ್ದದ್ದೇ. ಎಂ.ಎ. ಸೆಮಿನಾರಿನಲ್ಲಿ ನನ್ನ ಪ್ರಬಂಧವನ್ನು ನೀನೇ ಎದ್ದು ಓದಿದವಳು. "ಲೆಕ್ಕ ತಪ್ಪಾಗಿದೆ, ಅಷ್ಟೊಂದಿಲ್ಲ ಅಂತ ಮುಂದಿನ ಸಂಚಿಕೇಲಿ ಒಂದು ಸಾಲು ಹಾಕ್ಸೇ. ಅಪ್ಪ ನಂಬ್ತಾರೆ, ಮದುವೆ ಉಳಿಯುತ್ತೆ" ಎಂದು ಕೇಳಿದ್ದೀಯ. ಲಡಾಖ್ ಗಡಿಯಲ್ಲಿ ಸೈನ್ಯದಲ್ಲಿರುವ ನಮ್ಮಣ್ಣ ಗುರುವಿಗೆ ನಿನ್ನನ್ನು ಕೊಡಲು ನಿಮ್ಮಪ್ಪ ಹಿಂಜರಿದದ್ದು ನಾನು ಬರೆದ ಪುಟ ಓದಿಯೇ.

ಆ ಪುಟ ಹೇಗಾಯಿತೆಂದು ಮೊದಲು ಕೇಳು. ಪರೀಕ್ಷೆ ಬರೆಯುವವರಿಗಾಗಿ ನಾವು ತರುವ ಮಾಸಿಕಕ್ಕೆ ಚೀನಾದ ಕ್ಷಿಪಣಿ ಪಡೆಯ ಬಗ್ಗೆ ಬರೆಯಲು ಸಂಪಾದಕ ಯೋಗರಾಜ್ ಸರ್ ಹೇಳಿದ್ದರು. ವಿದೇಶದ ವರದಿಗಳನ್ನು ಓದಿದೆ. ಲೆಕ್ಕ ಹಾಕುವವರು ಯಾರೂ ಕ್ಷಿಪಣಿಗಳನ್ನು ಕಂಡು ಎಣಿಸುವುದಿಲ್ಲ. ಉಪಗ್ರಹದ ಚಿತ್ರದಲ್ಲಿ ಶೆಡ್ಡುಗಳನ್ನೂ ಉಡಾವಣಾ ವಾಹನಗಳನ್ನೂ ನೋಡಿ, ಒಂದು ವಾಹನಕ್ಕೆ ಎಷ್ಟು ಕ್ಷಿಪಣಿ ಇರಬಹುದೆಂದು ಊಹಿಸುತ್ತಾರೆ. ದೂರ ಹಾರುವ ಕ್ಷಿಪಣಿಗಳಿಗೆ ತೋಡಿದ ಗುಂಡಿಗಳಲ್ಲಿ ಎಷ್ಟು ಖಾಲಿಯೋ ತಿಳಿಯದು. ಕೆಲವು ಕ್ಷಿಪಣಿಗಳ ತುದಿಯಲ್ಲಿ ಇರುವುದು ಸಾಧಾರಣ ಸಿಡಿತಲೆಯೋ ಅಣುಬಾಂಬೋ ಎಂದು ಹೊರಗಿನಿಂದ ಹೇಳಲಾಗದು. ಇದನ್ನೆಲ್ಲ ಬರೆದಿದ್ದೆ. ಯೋಗರಾಜ್ ಸರ್ ಕೆಂಪು ಪೆನ್ನು ಹಿಡಿದು, "ನಾಲ್ಕು ಆಪ್ಷನ್ನಲ್ಲಿ 'ಗೊತ್ತಿಲ್ಲ' ಅಂತ ಒಂದು ಇರುತ್ತೇನೇ ಮಾರಾಯ್ತಿ? ಒಂದು ನಂಬರ್ ಕೊಡು ಸಾಕು" ಎಂದರು. ಕೊನೆಗೆ ಅಂಕಿಗಳು ಉಳಿದವು, ಅವುಗಳ ಮುಂದೆ ನನ್ನ 'ಅಂದಾಜು' ಎಂಬ ಒಂದು ಪದ ಉಳಿಯಿತು.

ಆ ಪದವೇ ನಿಮ್ಮ ಮನೆಯಲ್ಲಿ ಬೇರೆ ಅರ್ಥ ಪಡೆಯಿತು.

ಶನಿವಾರ ನಾನು ಅಪ್ಪನ ಜೊತೆ ಭದ್ರಾವತಿಗೆ ಬಂದಾಗ ನಿನ್ನನ್ನು ಹೊರಗೆ ಬಿಡಲಿಲ್ಲ. ನಡೆದದ್ದು ನಿನಗೆ ಅರ್ಧವಷ್ಟೇ ಕೇಳಿರಬೇಕು. ನಿಮ್ಮಪ್ಪ ಪುಟದ ಮೇಲೆ ಬೆರಳಿಟ್ಟು, "ಇಲ್ಲಿ ಅಂದಾಜು ಅಂತ ಬರ್ದಿರೋಳು ನೀನೇ ಅಲ್ವೇನವ್ವ?" ಎಂದು ಕೇಳಿದರು. ಅಡಿಕೆ ಚೇಣಿ ಹಿಡಿಯುವವರು ಅವರು. ಫಸಲು ಇನ್ನೂ ಮರದಲ್ಲಿರುವಾಗಲೇ ತೋಟ ಸುತ್ತಿ, ಕತ್ತೆತ್ತಿ ಗೊನೆ ನೋಡಿ, ಇಷ್ಟು ಕ್ವಿಂಟಾಲ್ ಎಂದು ಅಂದಾಜು ಹೇಳಿದರೆ ಮುಗಿಯಿತು. ಆಮೇಲೆ ಕೊಳೆರೋಗ ಬಂದು ಕಾಯಿ ಉದುರಿದರೂ ಹೇಳಿದ ಮಾತಿಗೆ ನಿಲ್ಲಬೇಕು. ನನಗೆ ಖಚಿತವಿಲ್ಲ ಎನ್ನಲು ಬರೆದ ಪದವನ್ನು ಅವರು ಮಾತು ಕೊಟ್ಟಾಯಿತು ಎಂದು ಓದಿದ್ದರು.

"ಅದು ಹಾಗಲ್ಲ ಅಂಕಲ್" ಎಂದು ತಡವರಿಸುತ್ತಲೇ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು. "ಹಂಗಾದ್ರೆ ಕಮ್ಮಿನೂ ಇರಬಹುದು, ಜಾಸ್ತಿನೂ ಇರಬಹುದು?"

ಹೌದು ಎಂದೆ.

"ತೋಟದಲ್ಲಿ ಲಾಸ್ ಆದ್ರೆ ಬರೋ ವರ್ಷ ನೋಡ್ಕೋತೀನಿ. ಮಗಳ ವಿಷಯದಲ್ಲಿ ಯಾವ ತೋಟಕ್ಕೆ ಹೋಗ್ಲವ್ವ?" ಆಮೇಲೆ ಅಪ್ಪನ ಕಡೆ ತಿರುಗಿ, "ಏನು ಹೊನ್ನಯ್ಯನೋರೇ, ನಿಮ್ಮ ಮಗಳು ಬುಕ್ಕಲ್ಲಿ ಹೆದರಿಸ್ತಾಳೆ, ಮನೇಲಿ ಹೆಣ್ಣು ಕೇಳ್ತಾಳೆ!" ಎಂದರು. ಅಪ್ಪ ನಗಲು ನೋಡಿದರು, ಆಗಲಿಲ್ಲ. "ಗುರು ಲಡಾಖಲ್ಲಿ ಇರೋದು ಇನ್ನೊಂದು ವರ್ಷ ಅಷ್ಟೇ, ಉಜ್ಜನಪ್ಪನೋರೇ. ಆಮೇಲೆ ಬೆಂಗಳೂರಿಗೆ ಬರ್ತಾನೆ" ಎಂದರು. ನಾನು ಲೋಟದೊಳಗಿನ ಕಾಫಿಯನ್ನೇ ನೋಡುತ್ತಿದ್ದೆ.

ಕವನಾ, ನೀನು ಕೇಳಿದ ಸಾಲನ್ನು ನಾನು ಬರೆಯಲಾರೆ. ಅಷ್ಟೊಂದಿಲ್ಲ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ನೀನು ನಮ್ಮ ಮನೆಗೆ ಅತ್ತಿಗೆಯಾಗಿ ಬರಬೇಕೆಂದು ನಿನಗಿಂತ ಹೆಚ್ಚು ನಾನೇ ಆಸೆಪಟ್ಟಿದ್ದೆ. ಸೋಗಾನೆಯಲ್ಲಿ ಗುರು ವಿಮಾನ ಇಳಿದ ದಿನ ನೀನು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದದ್ದು ಈಗಲೂ ಕಣ್ಣಮುಂದಿದೆ. ಅದಕ್ಕೇ ಈ ಕಾಗದ ಇಷ್ಟು ತಡವಾಯಿತು.

ನಿನ್ನ,
ಭೂಮಿಕಾ

ತಾ.ಕ.: ಅಪ್ಪ ಹೇಳಿದ್ದು ನಿಜವಲ್ಲ. ಬೆಂಗಳೂರಿಗೆ ಬರುವ ಅವಕಾಶ ಗುರುವಿಗೆ ಆಗಲೇ ಬಂದಿತ್ತು. ತನ್ನ ಜೊತೆಯವರನ್ನು ಬಿಟ್ಟು ಬರಲಾರೆನೆಂದು, ಗಡಿಯಲ್ಲೇ ಇನ್ನೂ ಮೂರು ವರ್ಷ ಇರುವುದಾಗಿ ಅವನೇ ಬರೆದುಕೊಟ್ಟಿದ್ದಾನೆ. "ತಾಳಿ ಕಟ್ಟೋವರೆಗೂ ಕವನಂಗೆ ಹೇಳ್ಬೇಡ ಕಣೇ" ಎಂದು ನನ್ನಿಂದ ಮಾತು ತಗೊಂಡಿದ್ದ. ಅಪ್ಪನಿಗೂ ಗೊತ್ತು. ಇದು ತಿಳಿದ ಮೇಲೂ ಅವನು ನಿನಗೆ ಬೇಕೋ ಬೇಡವೋ, ನೀನೇ ಹೇಳಬೇಕು. ಕಾಗದವನ್ನು ಅಂಚೆಗೆ ಹಾಕಿ ಬಂದು, ನಿನಗೆ ಹೇಳಿಬಿಟ್ಟೆ ಎಂದು ಅವನಿಗೆ ನಾನೇ ಫೋನ್ ಮಾಡುತ್ತೇನೆ.