ಗೇಟಿನೊಳಗಿನ ತಾಂಬೂಲ

ಪಾಸಿರ್ ರಿಸ್
16-6-2024, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ನಾನು ಕ್ಷೇಮವಾಗಿಲ್ಲ. ನೀನು ಕ್ಷೇಮವೆಂದು ಕಣ್ಣಾರೆ ಕಾಣುತ್ತಿದೆ, ಏಕೆಂದರೆ ಕೈಗೆಟುಕುವಷ್ಟು ಹತ್ತಿರದಲ್ಲೇ ನಿಂತು ಕೇಸರಿಬಾತ್ ತಿರುವುತ್ತಿದ್ದೀಯ. ಎದುರಿಗಿರುವವಳಿಗೆ ಕಾಗದ ಬರೆಯುವ ಗತಿ ಬಂತು ನನಗೆ. ಏನು ಮಾಡಲಿ, ಈ ಕ್ಯಾರವಾನಿನ ಗೋಡೆ ಹಪ್ಪಳದಷ್ಟು ತೆಳು. ಪಕ್ಕದ ಕ್ಯಾರವಾನಿನಲ್ಲಿ ಜಯಾ ಆಂಟಿ ಆಕಳಿಸಿದರೂ ಇಲ್ಲಿ ಕೇಳುತ್ತದೆ. ನಾನು ಅತ್ತರೆ ಅವರಿಗೂ ಕೇಳುತ್ತದೆ. ಮೆಸೇಜ್ ಮಾಡೋಣವೆಂದರೆ ಕ್ಯಾಮೆರಾ ಇದೆಯೆಂದು ಗೇಟಿನಲ್ಲೇ ಎಲ್ಲರ ಫೋನೂ ಇಸಿದುಕೊಂಡಿದ್ದಾರೆ.

ಗೋಪಿನಾಥ್ ಅಂಕಲ್ ಸೈನ್ಯದಲ್ಲಿ ಇಂಜಿನಿಯರ್ ಆಗಿರುವುದರಿಂದ ಕ್ಯಾಂಪಿನೊಳಗೆ, ಕಡಲ ದಂಡೆಯಲ್ಲಿ ಎರಡು ಕ್ಯಾರವಾನ್ ಬುಕ್ ಆಗಿವೆ, ಹಾಯಾಗಿದ್ದು ಬರೋಣ ಎಂದು ಅಪ್ಪ ಹೇಳಿದಾಗ ನಂಬಿದೆ. ಶುಕ್ರವಾರ ನಿನ್ನ ಬ್ಯಾಗಿನಲ್ಲಿ ರೇಷ್ಮೆ ಸೀರೆಯೂ ನನ್ನ ಅಳತೆಯ ರವಿಕೆಯೂ ಕಂಡಾಗಲೇ ಎಲ್ಲ ತಿಳಿಯಿತು. ಕ್ಯಾಂಪಿಂಗಿಗೆ ಯಾರಮ್ಮ ರೇಷ್ಮೆ ಸೀರೆ ತರುತ್ತಾರೆ? ಹೆಣ್ಣು ನೋಡುವ ಶಾಸ್ತ್ರಕ್ಕೆ ಹೆಣ್ಣು ಓಡಿಹೋಗಲಾಗದ ಜಾಗ ಹುಡುಕಿದ ಅಪ್ಪನ ಬುದ್ಧಿಯನ್ನು ಮೆಚ್ಚಲೇಬೇಕು. ಇಲ್ಲಿ ಅತಿಥಿಗಳು ಹೊರಗೆ ಹೋಗಬೇಕೆಂದರೆ ಕರೆತಂದವರೇ ಗೇಟಿಗೆ ಬಂದು ಸಹಿ ಹಾಕಬೇಕಂತೆ. ನಿನ್ನೆ ತಲೆನೋವಿನ ಮಾತ್ರೆ ತರುವ ನೆಪದಲ್ಲಿ ಹೋದೆ. ಕಾವಲುಗಾರ ವಿನಯದಿಂದಲೇ ತಡೆದ. ಕೊನೆಗೆ ಅಂಕಲ್ಲೇ ಬಂದು, ದಾರಿ ತಪ್ಪಿತೇನಮ್ಮ ಎಂದು ನಗುತ್ತ ಒಳಗೆ ಕರೆತಂದರು.

ಅಂಕಲ್-ಆಂಟಿಯ ಮಗ ವಿಶ್ವಜಿತ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಒಂದೇ ಮಾತಿನಲ್ಲಿ ಬೇಡ ಅನ್ನಬಹುದಿತ್ತು. ನಿನ್ನೆ ಸಂಜೆ, ಮಾತಾಡಿಕೊಳ್ಳಿ ಎಂದು ನಮ್ಮಿಬ್ಬರನ್ನು ಬೇಲಿಯ ಪಕ್ಕ ಅಡ್ಡಾಡಲು ಕಳಿಸಿದಿರಲ್ಲ, ಆಗ ಕೇಳಿದೆ, ನಿಮಗೆ ನಿಜವಾಗಿಯೂ ಈ ಮದುವೆ ಇಷ್ಟವೇ ಎಂದು. ಸ್ವಲ್ಪ ಯೋಚಿಸಿ ಹೇಳಿದ: "ಅಪ್ಪ ಓಕೆ ಅಂದ್ರಲ್ಲ, ಸೋ ನಂಗೂ ಓಕೆ ಲಾ."

ಅಮ್ಮ, ಟೀಗೆ ಸಕ್ಕರೆ ಬೇಕೇ ಎಂದು ಕೇಳಿದರೂ ಅವನು ಮೊದಲು ಅಂಕಲ್ ಮುಖ ನೋಡುತ್ತಾನೆ. ಮದುವೆಯಾದ ಮೇಲೆ ನಾನು ಕಾಕಿ ಬುಕಿತ್ ಆಫೀಸಿನ ಕೆಲಸ ಬಿಡುವುದು ಒಳ್ಳೆಯದು ಎಂದು ಅಂಕಲ್ ಅಂದರು. ಅವನು ತಲೆಯಾಡಿಸಿದ. ಅಪ್ಪನೂ ಆಡಿಸಿದರು. ಚಕ್ರವಿದ್ದೂ ಉರುಳದ ಈ ಗಾಡಿಯಲ್ಲೇ ಜೀವಮಾನವಿಡೀ ಇರು ಎಂದಂತಾಯಿತು. ನನಗೆ ಭಯವಾಗುತ್ತಿದೆ.

ನೀನು ಮಾತ್ರ ತಲೆಯಾಡಿಸಲಿಲ್ಲ. ಅದನ್ನು ನೋಡಿಯೇ ಬರೆಯುವ ಧೈರ್ಯ ಬಂತು. ನಿನ್ನನ್ನು ನೋಡಲು ಬಂದ ದಿನದ ಕತೆ ಹೇಳುವಾಗಲೆಲ್ಲ, ನನ್ನನ್ನು ಯಾರೂ ಕೇಳಲೇ ಇಲ್ಲ ಎಂದು ನಗುತ್ತೀಯಲ್ಲ. ನೀನಾದರೂ ನನ್ನನ್ನು ಒಮ್ಮೆ ಕೇಳು.

ಊಟಕ್ಕೆ ಮುಂಚೆ ತಾಂಬೂಲದ ತಟ್ಟೆ ಬದಲಾಯಿಸುತ್ತಾರಂತೆ. ಆಮೇಲೆ ಬೇಡವೆಂದರೆ ಕೊಟ್ಟ ಮಾತಿಗೆ ತಪ್ಪಿದಂತೆ, ಅಪ್ಪ ಮುಖ ಎತ್ತಿ ನಡೆಯಲಾರರು. ತಟ್ಟೆಗೆ ಜೋಡಿಸುವ ಮೊದಲು ನೀನು ಒಂದೊಂದೇ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೀಯ, ಬೇರೆ ಯಾರಿಗೂ ಮುಟ್ಟಗೊಡುವುದಿಲ್ಲ. ಆದ್ದರಿಂದ ಈ ಕಾಗದವನ್ನು ಎಲೆಯ ಕಟ್ಟಿನ ಕೆಳಗೆ ಇಡುತ್ತಿದ್ದೇನೆ.

ನನಗೆ ಈ ಮದುವೆ ಬೇಡಮ್ಮ.

ನಿನ್ನ
ಆಶ್ರಿತಾ

ತಾ.ಕ.: ಇದನ್ನು ಬರೆಯುತ್ತಿರುವವಳು ನಿನ್ನಮ್ಮ. ಕಾಗದವನ್ನು ನಿನ್ನ ಸೀರೆಯ ಮಡಿಕೆಯಲ್ಲಿ ಇಟ್ಟಿರುತ್ತೇನೆ. ಆ ಕತೆ ಹೇಳುವಾಗ ನಿಮ್ಮಪ್ಪ ಎದುರಿಗಿರುತ್ತಿದ್ದರಲ್ಲ, ಅದಕ್ಕೇ ನಗುತ್ತಿದ್ದೆ. ಎಲೆಗಳೆಲ್ಲ ಕೊಳೆತಿವೆ, ಕೊಳೆತ ಎಲೆಯಲ್ಲಿ ತಾಂಬೂಲ ಕೊಡುವುದು ಅಪಶಕುನ ಎಂದು ಹೇಳಿಬಿಟ್ಟಿದ್ದೇನೆ. ಜಯಾ ಗಾಬರಿಯಾಗಿ ಗಂಡನನ್ನು ಹೊರಡಿಸುತ್ತಿದ್ದಾರೆ. ಲಿಟಲ್ ಇಂಡಿಯಾ ಪೇಟೆಯಿಂದ ಹೊಸ ಎಲೆ ಆರಿಸಿ ತರಲು ಗೋಪಿನಾಥ್ ಅವರೇ ನಿನ್ನನ್ನೂ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು, ಸಹಿ ಹಾಕಿ, ಗೇಟು ದಾಟಿಸುತ್ತಾರೆ. ದಾಟಿದ ಮೇಲೆ ಅವರ ಹತ್ತಿರ ನಾನು ಮಾತಾಡುತ್ತೇನೆ, ನಿಮ್ಮಪ್ಪನ ಹತ್ತಿರವೂ. ಸೀರೆ ಉಡಬೇಡ. ಬ್ಯಾಗು ತೆಗೆದುಕೊಂಡು ಬಾ. ಎಲೆಗಳು ಚೆನ್ನಾಗಿಯೇ ಇವೆ, ನನ್ನ ಕೈಚೀಲದಲ್ಲಿವೆ.