ಎರಡು ಹಾಲಿನ ನಡುವೆ

ಜುಲೈ 15, ಮಂಗಳವಾರ

ಇವತ್ತು ಸಂತೋಷಕ್ಕೆ ನಿದ್ದೆ ಬರುತ್ತಿಲ್ಲ.

ಚನ್ನಪಟ್ಟಣದ ನಮ್ಮ ಗೊಂಬೆ ಕಾರ್ಖಾನೆಗೆ ಜನ ಸಿಗುತ್ತಿಲ್ಲವೆಂದು ಯಜಮಾನಿ ಲತಾಮಣಿ ಮೇಡಂ ಹೋದ ವಾರ ಗೊಣಗುತ್ತಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ. "ಎಂಟು ಗಂಟೆಗೆ ಬನ್ನಿ ಅಂದ್ರೆ ನಮ್ಮೂರ ಹೆಂಗಸ್ರು ಹೆಂಗ್ ಬತ್ತಾರೆ ಮೇಡಂ? ಡೇರಿಗೆ ಹಾಲು ಯಾರ್ ಹಾಕ್ತಾರೆ?" ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನಾನು ಬುದ್ಧಿ ಹೇಳಿದರೂ ಅವರು ಬೈಯಲಿಲ್ಲ. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ, ಹತ್ತರಿಂದ ಮೂರರವರೆಗೆ, ಒಂದು ದಿನ ನೋಡೋಣ, ಸರಿಹೋಗದಿದ್ದರೆ ಮತ್ತೆ ಕೇಳಬೇಡ ಎಂದರು.

ಊರೆಲ್ಲ ಸುತ್ತಿ ಕರೆದಿದ್ದೆ. ಇವತ್ತು ಬಂದವರು ಪಕ್ಕದ ಮನೆಯ ಕೆಂಚಮ್ಮತ್ತೆ ಒಬ್ಬರೇ. ನನ್ನ ಮುಖ ಸಪ್ಪಗಾಯಿತು.

ಒಡಕು ಆರಿಸಲು ಅತ್ತೆಯನ್ನು ಮರದ ಗಿಲಕಿಗಳ ರಾಶಿಯ ಮುಂದೆ ಕೂರಿಸಿದರು. ಅವರು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಕೆಲವನ್ನು ಪಕ್ಕಕ್ಕೆ ಇಟ್ಟರು. ಮೇಡಂ ಅವನ್ನು ಬೆಳಕಿಗೆ ಹಿಡಿದು ನೋಡಿದರೆ ಕೂದಲೆಳೆಯಂಥ ಬಿರುಕು.

"ಹೆಂಗೆ ಗೊತ್ತಾಗುತ್ತೆ ನಿಮಗೆ?"

"ರೇಷ್ಮೆ ಗೂಡು ಅಲ್ಲಾಡ್ಸಿ ಅಲ್ಲಾಡ್ಸಿ ಕಿವಿ ಪಳಗೈತೆ ಕಣವ್ವಾ. ಒಳಗೆ ಹುಳ ಕೆಟ್ಟಿದ್ರೆ ಸದ್ದೇ ಬ್ಯಾರೆ. ಇದು ಇನ್ನೂ ಸಲೀಸು, ನಾರಾಕಿಲ್ಲ."

ಮೇಡಂ ನಕ್ಕಿದ್ದು ರಸ್ತೆಗೂ ಕೇಳಿಸಿರಬೇಕು. "ನಾಳೆಯಿಂದ ಇದೇ ಟೈಮು," ಎಂದು ನನ್ನತ್ತ ತಿರುಗಿದರು. "ನೀನು ಒಂದ್ಕಡೆ ಕೂರೋಳಲ್ಲ. ಊರೂರು ಸುತ್ತಿ ಇಂಥೋರನ್ನ ಹುಡುಕು. ಇನ್ಮೇಲೆ ಅದೇ ನಿನ್ನ ಕೆಲಸ."

ರಾತ್ರಿ ಊಟವಾದ ಮೇಲೆ ಅತ್ತೆ ಬಾಗಿಲಲ್ಲಿ ನಿಂತು ಹೇಳಿ ಹೋದರು: ಡೇರಿ ಸಾಲಿನಲ್ಲಿ ನಿಂತೇ ಆರು ಜನರನ್ನು ಒಪ್ಪಿಸಿದ್ದಾರಂತೆ. ಹುಡುಕುವ ಕೆಲಸವನ್ನೂ ಅವರೇ ಮಾಡಿಬಿಟ್ಟರು. ಮೇಡಂಗೆ ಈಗಲೇ ಫೋನ್ ಮಾಡಿ ನಿಜ ಹೇಳಬೇಕು. ಈ ಹೊತ್ತಿನಲ್ಲಿ ಬೈದರೆ ಬೈಯಲಿ, ರಿಂಗ್ ಆಗುತ್ತಿದೆ... ಎತ್ತಿದರು!